ನ್ಯೂ ನೆದರ್‌ಲ್ಯಾಂಡ್ ವ್ಯಾಪಾರಿಗಳ ಸಾಲದ ಲೆಕ್ಕ ಓದೋದು ಹೇಗೆ: ಖಾತೆ ಪುಟದಿಂದ ಚುಕ್ತಾ ಆಗೋವರೆಗೂ, ಹಂತ ಹಂತವಾಗಿ

ನ್ಯೂ ನೆದರ್‌ಲ್ಯಾಂಡ್ ಅಂದ್ರೆ ಈಗಿನ ನ್ಯೂಯಾರ್ಕ್ ಕಡೆ ಡಚ್ಚರು ನಡೆಸ್ತಿದ್ದ ವಸಾಹತು. 1650ರ ದಶಕದ ನ್ಯೂ ಆಮ್‌ಸ್ಟರ್‌ಡ್ಯಾಮ್ ಕೋರ್ಟ್ ನಡಾವಳಿ ತೆಗೆದ್ರೆ ಪುಟಪುಟಕ್ಕೂ ಸಾಲದ್ದೇ ವಿಷಯ, ಇವನು ಅವನಿಗೆ ಇಷ್ಟು ಗಿಲ್ಡರ್ (ಡಚ್ ದುಡ್ಡು) ಬಾಕಿ, ಅವನು ಇವತ್ತು ಬರ್ಲಿಲ್ಲ, ಮುಂದಿನ ವಾರ ಬಂದ, ಸಾಲ ಒಪ್ಪಿದ ಆದ್ರೆ ಟೈಮ್ ಕೊಡಿ ಅಂದ, ಹೀಗೇ ಸಾಗತ್ತೆ. ಮೊದಲ ಸಲ ಓದೋರಿಗೆ ಇಡೀ ಊರೇ ದಿವಾಳಿ ಎದ್ದಿತ್ತೇನೋ ಅನ್ಸತ್ತೆ. ಹಾಗಲ್ಲ. ನಾಣ್ಯ ಅನ್ನೋದು ಆ ಊರಲ್ಲಿ ಇದ್ದಿದ್ದೇ ಕಮ್ಮಿ, ಬಂದಿದ್ದೂ ಹಡಗು ಹತ್ತಿ ವಾಪಸ್ ಹಾಲೆಂಡಿಗೆ ಹೋಗ್ತಿತ್ತು, ಹಂಗಾಗಿ ಬೇಕರಿಯವನು, ಕಮ್ಮಾರ, ರೈತ, ತುಪ್ಪಳದ ವ್ಯಾಪಾರಿ ಎಲ್ಲರೂ ಒಬ್ಬರ ಪುಸ್ತಕದಲ್ಲಿ ಒಬ್ಬರು ಬರೆಸಿಕೊಂಡೇ ಬದುಕ್ತಿದ್ರು. ಸಾಲ ಅಂದ್ರೆ ಅಲ್ಲಿ ದಿನನಿತ್ಯದ ವ್ಯವಹಾರ.

ನಾನು ಈ ಗೈಡಲ್ಲಿ ಒಂದೇ ವಿಷಯವನ್ನ ಒತ್ತಿ ಹೇಳೋದು. ಈ ದಾಖಲೆಗಳಲ್ಲಿ ಕಾಣೋ ಯಾವ ಮೊತ್ತವನ್ನೂ ಬರೀ ಸಂಖ್ಯೆ ಅಂತ ತಗೋಬೇಡಿ. ಮೂರು ಪ್ರಶ್ನೆ ಕೇಳಿ: ಇದು ಯಾವ ಗಿಲ್ಡರ್, ವಾಯಿದೆ ಯಾವಾಗ, ಈ ಸಾಲ ಈಗ ಯಾರ ಕೈಲಿದೆ. ಮೂರಕ್ಕೂ ಉತ್ತರ ಸಿಕ್ಕಿದ್ ಮೇಲೇನೇ ಅದು ಲೆಕ್ಕ.

ಹಿನ್ನೆಲೆ ಚಿಕ್ಕದಾಗಿ: ಡಚ್ ವೆಸ್ಟ್ ಇಂಡಿಯಾ ಕಂಪನಿಗೆ 1621ರಲ್ಲಿ ಸನ್ನದು ಸಿಕ್ತು, 1624ರಲ್ಲಿ ಹಡ್ಸನ್ ನದಿ ಮೇಲ್ಗಡೆ ಫೋರ್ಟ್ ಆರೆಂಜ್ ಶುರುವಾಯ್ತು, ಆಮೇಲೆ ಮ್ಯಾನ್‌ಹ್ಯಾಟನ್ ತುದಿಯಲ್ಲಿ ನ್ಯೂ ಆಮ್‌ಸ್ಟರ್‌ಡ್ಯಾಮ್. 1652ರಲ್ಲಿ ಫೋರ್ಟ್ ಆರೆಂಜ್ ಪಕ್ಕದಲ್ಲೇ ಬೆವರ್‌ವೈಕ್ ಅನ್ನೋ ಊರು ಮತ್ತೆ ಅದರ ಕೋರ್ಟು, 1653ರ ಫೆಬ್ರವರಿಯಲ್ಲಿ ನ್ಯೂ ಆಮ್‌ಸ್ಟರ್‌ಡ್ಯಾಮಿಗೆ ತನ್ನದೇ ನಗರ ಕೋರ್ಟು, 1664ರಲ್ಲಿ ಇಂಗ್ಲಿಷರ ವಶ. ಬೆವರ್‌ವೈಕ್ ಇದ್ದ ಜಾಗವೇ ಈಗಿನ ಆಲ್ಬನಿ. ನಮ್ಮ ಕಡೆಯವರು ಡಚ್ಚರು ಅಂದ ತಕ್ಷಣ ಕೊಚ್ಚಿ, ಬಸರೂರು ಅಂತ ನೆನೆಸ್ಕೊಳ್ತಾರೆ, ಅದು ಈಸ್ಟ್ ಇಂಡಿಯಾ ಕಂಪನಿ ಅಂದ್ರೆ ವಿಓಸಿ, ಬೇರೆ ಕಂಪನಿ, ಬೇರೆ ಪುಸ್ತಕ. ಎರಡನ್ನೂ ಕಲಸ್ಬೇಡಿ.

ಹಂತ 1: ಕೈಲಿರೋದು ಯಾವ ಥರದ ಕಾಗದ ಅಂತ ಗುರುತು ಮಾಡ್ಕೊಳ್ಳಿ

ಮೂಲ ದಾಖಲೆಗಳಲ್ಲಿ ಬಹುಪಾಲು ಆಲ್ಬನಿಯ ನ್ಯೂಯಾರ್ಕ್ ಸ್ಟೇಟ್ ಆರ್ಕೈವ್ಸ್‌ನಲ್ಲಿವೆ. 1911ರ ಮಾರ್ಚಲ್ಲಿ ಅಲ್ಲಿನ ಕ್ಯಾಪಿಟಲ್ ಕಟ್ಟಡಕ್ಕೆ ಬೆಂಕಿ ಬಿತ್ತು, ಡಚ್ ಕಡತಗಳು ಕೆಳಗಿನ ಶೆಲ್ಫಲ್ಲಿದ್ದು ಮೇಲಿನ ಇಂಗ್ಲಿಷ್ ಕಾಗದಗಳು ಅದರ ಮೇಲೇ ಬಿದ್ದು ಮುಚ್ಚಿಕೊಂಡಿದ್ರಿಂದ ಉಳ್ಕೊಂಡ್ವು, ಆದ್ರೆ ಅಂಚು ಸುಟ್ಟಿರೋ ಹಾಳೆಗಳು ಬಹಳ ಇವೆ. ಅನುವಾದದಲ್ಲಿ ಮೊತ್ತದ ಜಾಗದಲ್ಲಿ ಖಾಲಿ ಬ್ರಾಕೆಟ್ ಕಂಡ್ರೆ ಅದು ಸುಟ್ಟ ಅಂಚು, ಊಹೆ ಮಾಡಿ ತುಂಬ್ಬೇಡಿ. 1974ರಿಂದ ಚಾರ್ಲ್ಸ್ ಗೆಹ್ರಿಂಗ್ ಮತ್ತೆ ಅವರ ಜೊತೆಯವರು ಇವನ್ನ ಇಂಗ್ಲಿಷಿಗೆ ತಂದಿದ್ದಾರೆ, ತುಂಬಾ ಭಾಗ ಆನ್‌ಲೈನಲ್ಲಿ ಫ್ರೀಯಾಗೇ ಸಿಗತ್ತೆ, ಡಚ್ ಬರದಿದ್ರೂ ಶುರು ಮಾಡ್ಬಹುದು. ನ್ಯೂಯಾರ್ಕ್, ನ್ಯೂಜೆರ್ಸಿ ಕಡೆ ಇರೋ ನಮ್ಮೋರಿಗಂತೂ ಇದು ಡ್ರೈವ್ ಮಾಡಿಕೊಂಡು ಹೋಗಿ ಬರೋ ದೂರ, ಹೋಗೋ ಮುಂಚೆ ಯಾವ ಸಂಪುಟ ಬೇಕು ಅಂತ ಬರೆದು ಕೇಳಿ ಅಷ್ಟೇ.

ಸಾಲಕ್ಕೆ ಸಂಬಂಧಪಟ್ಟ ಕಾಗದ ಮುಖ್ಯವಾಗಿ ನಾಲ್ಕು ಥರ. ಒಂದು, ವ್ಯಾಪಾರಿಯ ಖಾತೆ ಪುಸ್ತಕ. ಎರಡು, ಸಾಲಪತ್ರ, ಅದು ಯಾವಾಗ್ಲೂ "ಕೆಳಗೆ ಸಹಿ ಮಾಡಿರೋ ನಾನು ಇಂಥವರಿಗೆ ನಿಜವಾಗಿಯೂ ಸಾಲ ಇದ್ದೀನಿ ಅಂತ ಒಪ್ಕೊಳ್ತೀನಿ" ಅನ್ನೋ ಧಾಟಿಯಲ್ಲಿ ಶುರುವಾಗತ್ತೆ. ಮೂರು, ನೋಟರಿ ರಿಜಿಸ್ಟರು, ಉದಾಹರಣೆಗೆ ನ್ಯೂ ಆಮ್‌ಸ್ಟರ್‌ಡ್ಯಾಮಿನ ಸಾಲೊಮನ್ ಲಾಷೇರ್ ಅನ್ನೋ ನೋಟರಿಯ 1661–62ರ ರಿಜಿಸ್ಟರ್ ಉಳ್ಕೊಂಡಿದೆ. ನಾಲ್ಕು, ಕೋರ್ಟ್ ನಡಾವಳಿ.

ಇವುಗಳ ತೂಕ ಒಂದೇ ಅಲ್ಲ. ಖಾತೆ ಪುಸ್ತಕದ ಸಾಲು ಅಂದ್ರೆ ಒಬ್ಬರ ಕಡೆಯ ಮಾತು. ಸಾಲಪತ್ರ ಅಂದ್ರೆ ಸಾಲಗಾರನೇ ಒಪ್ಪಿದ ಮಾತು. ಕೋರ್ಟಲ್ಲಿ ವಾದಿ ಕೇಳಿದ ಮೊತ್ತ ಬರೀ ಬೇಡಿಕೆ, ತೀರ್ಪಲ್ಲಿ ಬಂದಿದ್ದು ಮಾತ್ರ ಸಾಲ. ಎಷ್ಟೋ ಜನ ಬೇಡಿಕೆಯ ಮೊತ್ತವನ್ನೇ ಸಾಲ ಅಂತ ಬರ್ಕೊಂಡುಬಿಡ್ತಾರೆ, ಅಲ್ಲಿಂದ ಮುಂದೆ ಎಲ್ಲಾ ತಪ್ಪು.

ಹಂತ 2: ಯಾವ ಗಿಲ್ಡರ್ ಅಂತ ಪತ್ತೆ ಮಾಡಿ

ಇದಕ್ಕೆ ಟೈಮ್ ಕೊಡಿ, ಅರ್ಜೆಂಟ್ ಮಾಡ್ಬೇಡಿ. ಅಂಕಗಣಿತ ಸುಲಭ: 1 ಗಿಲ್ಡರ್ ಅಂದ್ರೆ 20 ಸ್ಟೈವರ್, 1 ಸ್ಟೈವರ್ ಅಂದ್ರೆ 16 ಪೆನಿಂಗ್. ಖಾತೆಯಲ್ಲಿ 14:10:8 ಅಂತ ಇದ್ರೆ 14 ಗಿಲ್ಡರ್, 10 ಸ್ಟೈವರ್, 8 ಪೆನಿಂಗ್, ಅಂದ್ರೆ ಹದಿನಾಲ್ಕೂವರೆ ಗಿಲ್ಡರ್ ಮೇಲೆ ಅರ್ಧ ಸ್ಟೈವರ್. ಕೆಲವು ಕಡೆ ಫ್ಲೆಮಿಷ್ ಪೌಂಡಲ್ಲಿ ಬರೆದಿರ್ತಾರೆ, ಅದು 6 ಗಿಲ್ಡರ್. ರೈಕ್ಸ್‌ಡಾಲರ್ ಬಂದ್ರೆ ಎರಡೂವರೆ ಗಿಲ್ಡರ್, 50 ಸ್ಟೈವರ್.

ಕಷ್ಟ ಇರೋದು ಇನ್ನೊಂದು ಕಡೆ. ಅದೇ ಊರಲ್ಲಿ ಅದೇ ವರ್ಷ ಗಿಲ್ಡರ್ ಮೂರು ಥರ ಇತ್ತು. ಹಾಲೆಂಡ್ ದುಡ್ಡಿನ ಗಿಲ್ಡರ್, ಅಂದ್ರೆ ಆಮ್‌ಸ್ಟರ್‌ಡ್ಯಾಮಲ್ಲಿ ನಡೆಯೋ ನಿಜವಾದ ನಾಣ್ಯದ್ದು. ಬೀವರ್ ಗಿಲ್ಡರ್, ಅಂದ್ರೆ ಬೀವರ್ ಪ್ರಾಣಿಯ ತುಪ್ಪಳದಲ್ಲಿ ಎಣಿಸೋದು. ಮತ್ತೆ ಸೇವಾಂಟ್ ಗಿಲ್ಡರ್, ಅಂದ್ರೆ ಕಪ್ಪೆಚಿಪ್ಪಿನ ಮಣಿಯಲ್ಲಿ ಎಣಿಸೋದು.

ಬೀವರ್ ಲೆಕ್ಕ ಗಟ್ಟಿ. ಸಾಲಪತ್ರಗಳಲ್ಲಿ "ಒಳ್ಳೆಯ, ಪೂರ್ತಿ, ಮಾರಾಟಕ್ಕೆ ಯೋಗ್ಯವಾದ ಬೀವರ್, ಒಂದಕ್ಕೆ 8 ಗಿಲ್ಡರ್‌ನಂತೆ" ಅನ್ನೋ ಮಾತು ಮತ್ತೆ ಮತ್ತೆ ಬರತ್ತೆ. ಈ ಒಂದೊಂದು ಪದಕ್ಕೂ ಬೆಲೆ ಇದೆ. ಪೂರ್ತಿ ಅಂತ ಯಾಕೆ ಬರೀತಾರೆ ಅಂದ್ರೆ ಅರ್ಧ ಬೀವರ್, ಮೂರನೇ ಒಂದು ಬೀವರ್ ಅಂತ ಲೆಕ್ಕ ಆಗೋ ಸಣ್ಣ ತುಪ್ಪಳಗಳೂ ಓಡಾಡ್ತಿದ್ವು, ಯೋಗ್ಯ ಅಂತ ಯಾಕೆ ಅಂದ್ರೆ ಕೆಟ್ಟ ಸೀಸನ್ನಿನ ತೆಳು ಕೂದಲಿನ ತುಪ್ಪಳ ಕೊಟ್ಟು ಸಾಲ ತೀರ್ತು ಅನ್ನೋರು ಇದ್ರು.

ಸೇವಾಂಟ್ ವಿಷಯ ಬೇರೆ. ಇದು ಇಲ್ಲಿನ ಮೂಲನಿವಾಸಿಗಳು, ಮುಖ್ಯವಾಗಿ ಲಾಂಗ್ ಐಲ್ಯಾಂಡ್ ಮತ್ತೆ ನ್ಯಾರಗ್ಯಾನ್ಸೆಟ್ ಕಡಲತೀರದವರು, ಚಿಪ್ಪು ಕೊರೆದು ಮಾಡ್ತಿದ್ದ ಸಣ್ಣ ಕೊಳವೆ ಆಕಾರದ ಮಣಿ. ಬಿಳಿಯದ್ದು ಶಂಖದ ಜಾತಿಯ ಚಿಪ್ಪಿಂದ, ಕರಿಯದ್ದು, ನಿಜಕ್ಕೂ ಅದು ನೇರಳೆ ಬಣ್ಣ, ಕ್ವಾಹಾಗ್ ಅನ್ನೋ ಚಿಪ್ಪಿಂದ. ಕರಿಗೆ ಬಿಳಿಯ ಎರಡರಷ್ಟು ಬೆಲೆ. ಅವರ ಪಾಲಿಗೆ ಈ ಮಣಿ ಬರೀ ದುಡ್ಡಲ್ಲ, ಒಪ್ಪಂದಕ್ಕೆ, ಸಾವಿಗೆ, ಸಮಾಧಾನಕ್ಕೆ ಕೊಡೋ ಗೌರವದ ವಸ್ತು, ವಲಸೆ ಬಂದವರು ಅದನ್ನ ಚಿಲ್ಲರೆ ಮಾಡಿಕೊಂಡ್ರು. 1641ರಲ್ಲಿ ವಸಾಹತಿನ ಆಡಳಿತ ನಡೆಸ್ತಿದ್ದ ಡೈರೆಕ್ಟರ್ ಕೀಫ್ಟ್ ಚೆನ್ನಾಗಿ ಪಾಲಿಶ್ ಆಗಿರೋ ಮಣಿ 4ಕ್ಕೆ ಒಂದು ಸ್ಟೈವರ್ ಅಂತ ದರ ಕಟ್ಟಿದ. 1650ರಲ್ಲಿ ಅವನ ನಂತರದ ಡೈರೆಕ್ಟರ್ ಸ್ಟೈವೆಸೆಂಟ್ ಆಜ್ಞೆ: ಒಳ್ಳೆ ಮಣಿ ಆದ್ರೆ 6 ಬಿಳಿ ಅಥವಾ 3 ಕರಿಗೆ ಒಂದು ಸ್ಟೈವರ್, ಕಳಪೆಯಾಗಿ ಪೋಣಿಸಿದ್ದು ಆದ್ರೆ 8 ಬಿಳಿ ಅಥವಾ 4 ಕರಿ. ಆಮೇಲೆ ಇನ್ನೂ ಇಳೀತಾ ಹೋಯ್ತು. 1661ರಲ್ಲಿ ಪಕ್ಕದ ಮ್ಯಾಸಚೂಸೆಟ್ಸ್ ಇದನ್ನ ಕಾನೂನುಬದ್ಧ ಚಲಾವಣೆಯಿಂದ ತೆಗೆದುಹಾಕ್ತು, 1660ರ ದಶಕದಲ್ಲಿ ನ್ಯೂ ನೆದರ್‌ಲ್ಯಾಂಡಲ್ಲಿ 8 ಬೀವರ್ ಗಿಲ್ಡರ್‌ನ ತುಪ್ಪಳ ಒಂದಕ್ಕೆ ಸೇವಾಂಟಲ್ಲಿ ಎರಡರಷ್ಟು, ಮೂರರಷ್ಟು ಗಿಲ್ಡರ್ ಕೊಡೋ ಪರಿಸ್ಥಿತಿ.

ಈಗ ಯೋಚನೆ ಮಾಡಿ, 100 ಗಿಲ್ಡರ್ ಸಾಲ ಅಂತ ಒಂದು ಸಾಲು ಕಾಣತ್ತೆ. ಬೀವರಲ್ಲಿ ಆದ್ರೆ ಹನ್ನೆರಡೂವರೆ ತುಪ್ಪಳ. ಸೇವಾಂಟಲ್ಲಿ ಆದ್ರೆ ಅದರ ಅರ್ಧವೋ ಮೂರನೇ ಒಂದು ಭಾಗವೋ. ಸಾಲಗಾರ ಸೇವಾಂಟಲ್ಲಿ ಕೊಡ್ತೀನಿ ಅಂತಾನೆ, ಸಾಹುಕಾರ ಬೀವರೇ ಬೇಕು ಅಂತಾನೆ, ಕೋರ್ಟಲ್ಲಿ ಕಾಣೋ ಜಗಳಗಳಲ್ಲಿ ಸಾಲ ಇದೆಯೋ ಇಲ್ವೋ ಅನ್ನೋದಕ್ಕಿಂತ ಇದೇ ಎಷ್ಟೋ ಸಲ ಮುಖ್ಯ ವಿಷಯ. ಹಾಗಾಗಿ ನಿಮ್ಮ ನೋಟ್ಸಲ್ಲಿ ಪ್ರತಿ ಮೊತ್ತದ ಮುಂದೆ ಹಾ, ಬೀ, ಸೇ ಅಂತ ಗುರುತು ಹಾಕಿ, ಗೊತ್ತಾಗದಿದ್ರೆ ಪ್ರಶ್ನಾರ್ಥಕ ಚಿಹ್ನೆ. ದರ ಹಾಕುವಾಗ ಆ ವರ್ಷದ್ದೇ ಹಾಕಿ, 1641ರ ದರ ತಂದು 1662ರ ಸಾಲಕ್ಕೆ ಹಾಕಿದ್ರೆ ಉತ್ತರಕ್ಕೆ ಅರ್ಥ ಇರಲ್ಲ.

ಹಂತ 3: ಖಾತೆಯ ಎರಡೂ ಕಡೆ ಓದಿ, ಕೂಡಿ, ಕಳೀರಿ

ಎಡಗಡೆ ಡೆಬೆಟ್, ಗಿರಾಕಿ ತಗೊಂಡಿದ್ದು. ಬಲಗಡೆ ಕ್ರೆಡಿಟ್, ಗಿರಾಕಿ ಕೊಟ್ಟಿದ್ದು, ನಮ್ಮ ಭಾಷೇಲಿ ಜಮೆ. ದೊಡ್ಡ ವ್ಯಾಪಾರಿಗಳು ಮೊದಲು ಕಚ್ಚಾ ಪುಸ್ತಕದಲ್ಲಿ ಗೀಚಿ, ಆಮೇಲೆ ದಿನಚರಿಗೆ, ಕೊನೆಗೆ ಹೆಸರುವಾರು ಖಾತೆಗೆ ಏರಿಸ್ತಿದ್ರು, ಚಿಕ್ಕ ವ್ಯಾಪಾರಿಗಳು ಒಂದೇ ಪುಸ್ತಕದಲ್ಲಿ ಮುಗಿಸ್ತಿದ್ರು.

ಅಳತೆಗಳು ಗೊತ್ತಿರಲಿ: ಎಲ್ ಅಂದ್ರೆ ಬಟ್ಟೆ ಅಳತೆ, ಸುಮಾರು 69 ಸೆಂಟಿಮೀಟರ್. ಸ್ಕೇಪಲ್ ಅಂದ್ರೆ ಕಾಳಿನ ಅಳತೆ, ಸುಮಾರು 27 ಲೀಟರ್, ನಾಲ್ಕು ಸ್ಕೇಪಲ್ ಒಂದು ಮುಡ್. ಆಂಕರ್ ಅಂದ್ರೆ ಬ್ರಾಂಡಿ, ವೈನ್ ಪೀಪಾಯಿ, 38–39 ಲೀಟರ್. ಆಮ್‌ಸ್ಟರ್‌ಡ್ಯಾಮ್ ಪೌಂಡು 494 ಗ್ರಾಂ.

ಅಭ್ಯಾಸಕ್ಕೆ ಅಂತ ನಾನೇ ಕಟ್ಟಿದ ಒಂದು ಖಾತೆ ನೋಡಿ, ಬೆಲೆಗಳೂ ಲೆಕ್ಕಕ್ಕೆ ಅಂತ ಹಾಕಿದ್ದು. ಒಬ್ಬ ರೈತನ ಹೆಸರಲ್ಲಿ ಎಡಗಡೆ: ಡಫಲ್ ಅನ್ನೋ ದಪ್ಪ ಉಣ್ಣೆ ಬಟ್ಟೆ 6 ಎಲ್, ಎಲ್‌ಗೆ 3:10ರಂತೆ 21:0. ಒಂದು ಆಂಕರ್ ಬ್ರಾಂಡಿ 32:0. ಎರಡು ಜೊತೆ ಶೂ, ಜೊತೆಗೆ 3:15ರಂತೆ 7:10. ಮೊಳೆ 3 ಪೌಂಡ್, ಪೌಂಡಿಗೆ 12 ಸ್ಟೈವರ್, ಒಟ್ಟು 36 ಸ್ಟೈವರ್ ಅಂದ್ರೆ 1:16. ಇವನ ಪರವಾಗಿ ಕಮ್ಮಾರನಿಗೆ ಕೊಟ್ಟಿದ್ದು 6:4. ಕೂಡಿದ್ರೆ 68:10.

ಬಲಗಡೆ: ಪೂರ್ತಿ ಬೀವರ್ 3, ಎಂಟರಂತೆ 24:0. ಅರ್ಧ ಬೀವರ್ ಒಂದು, 4:0. ಗೋಧಿ 8 ಸ್ಕೇಪಲ್, 2:10ರಂತೆ 20:0. ಕುದುರೆ ಕಟ್ಟಿ ಮರ ಎಳೆದಿದ್ದಕ್ಕೆ ಎರಡು ದಿನದ ಕೂಲಿ 6:0. ಕೂಡಿದ್ರೆ 54:0. ಬಾಕಿ 14:10, ಬೀವರ್ ಗಿಲ್ಡರಲ್ಲಿ.

ಈ ಬಾಕೀನ ಅವನು ಸೇವಾಂಟಲ್ಲಿ ತೀರಿಸ್ತಾನೆ, ಆ ವರ್ಷ ಒಂದು ಬೀವರ್ ಸೇವಾಂಟಲ್ಲಿ 16 ಗಿಲ್ಡರಿಗೆ ನಡೀತಿದೆ ಅಂತ ಇಟ್ಕೊಳ್ಳಿ. ಆಗ 14:10ರ ಎರಡರಷ್ಟು, 29 ಗಿಲ್ಡರ್ ಸೇವಾಂಟ್. 29ನ್ನ 20ರಿಂದ ಗುಣಿಸಿ, 580 ಸ್ಟೈವರ್. ಒಂದು ಸ್ಟೈವರಿಗೆ 8 ಬಿಳಿ ಮಣಿ ಅಂತ ಹಿಡಿದ್ರೆ 4,640 ಬಿಳಿ ಮಣಿ, ಕರಿಯದ್ದಾದ್ರೆ 2,320. ಇದನ್ನ ಕೂತು ಒಂದೊಂದಾಗಿ ಎಣಿಸೋಕೆ ಆಗಲ್ಲ ಅಂತಾನೇ ದಾರಕ್ಕೆ ಪೋಣಿಸಿ ಮಾರು ಲೆಕ್ಕದಲ್ಲಿ ಅಳೀತಿದ್ರು, ಅಳೆಯುವಾಗ ಮಧ್ಯೆ ಒಡಕು ಮಣಿ, ಮರದ ಮಣಿ, ಕೊರೆಯದೇ ಇರೋ ಮಣಿ ಸೇರಿಸಿದ್ದಾರಾ ಅಂತ ಬೆರಳಲ್ಲಿ ಸವರಿ ನೋಡಬೇಕಿತ್ತು.

ಕಮ್ಮಾರನ 6:4 ಇದೆಯಲ್ಲ, ಆ ಸಾಲನ್ನ ಬಿಡಬೇಡಿ. ರೈತ ಕಮ್ಮಾರನಿಗೆ ಕೊಡಬೇಕಿತ್ತು, ಕಮ್ಮಾರನಿಗೆ ಅಂಗಡಿಯಿಂದ ಸಾಮಾನು ಬೇಕಿತ್ತು, ವ್ಯಾಪಾರಿ ತನ್ನ ಪುಸ್ತಕದಲ್ಲಿ ಒಂದು ಸಾಲು ಬರೆದ, ಎರಡು ಸಾಲ ತೀರಿಹೋಯ್ತು, ಒಂದು ನಾಣ್ಯವೂ ಕೈ ಬದಲಾಯಿಸ್ಲಿಲ್ಲ. ಅಂದ್ರೆ ವ್ಯಾಪಾರಿ ಖಾತೆಯೇ ಊರಿನ ಬ್ಯಾಂಕ್ ಕೆಲಸ ಮಾಡ್ತಿತ್ತು. ನಿಮ್ಮ ಕೈಲಿರೋ ಖಾತೆಯಲ್ಲಿ ಮೂರನೆಯವರ ಹೆಸರು ಬಂದ ಕಡೆ ಎಲ್ಲಾ ಬೇರೆ ಹಾಳೆಯಲ್ಲಿ ಬರ್ಕೊಳ್ಳಿ, ಸ್ವಲ್ಪ ಹೊತ್ತಲ್ಲೇ ಯಾರ ಸುತ್ತ ಊರು ತಿರುಗ್ತಿದೆ ಅಂತ ಕಾಣೋಕೆ ಶುರುವಾಗತ್ತೆ.

ಹಂತ 4: ವಾಯಿದೆ ನೋಡಿ

ಬೆವರ್‌ವೈಕಲ್ಲಿ ವರ್ಷದ ವ್ಯವಹಾರ ಪೂರ್ತಿ ಬೇಸಿಗೆಯ ವ್ಯಾಪಾರದ ಸೀಸನ್ ಮೇಲೆ ನಿಂತಿತ್ತು, ಮೂಲನಿವಾಸಿಗಳು ತುಪ್ಪಳ ಹೊತ್ತು ತರೋ ತಿಂಗಳುಗಳು. ನಮ್ಮ ಹಳ್ಳಿ ಕಡೆ ಶೆಟ್ರ ಅಂಗಡೀಲಿ ವರ್ಷವಿಡೀ ಉದ್ರಿ ಬರೆಸಿ ಸುಗ್ಗಿ ಬಂದಾಗ ತೀರಿಸ್ತಿದ್ರಲ್ಲ, ಅದೇ ನಡೆ. ಚಳಿಗಾಲದಲ್ಲಿ ಬರೆದ ಸಾಲಪತ್ರದಲ್ಲಿ "ಬರೋ ವ್ಯಾಪಾರ ಸೀಸನ್ನಲ್ಲಿ" ಅಂತ ವಾಯಿದೆ ಇದ್ರೆ ಫೆಬ್ರವರಿಯಲ್ಲಿ ಸಾಲ ಕೊಟ್ಟಿಲ್ಲ ಅನ್ನೋದು ಸುಸ್ತಿ ಅಲ್ಲ. ಮನೆ ಹರಾಜಿನ ಷರತ್ತುಗಳಲ್ಲೂ ಹೀಗೇ, ಅರ್ಧ ಒಂದು ಕಂತು, ಇನ್ನರ್ಧ ಆಮೇಲಿನ ಕಂತು, ಎಲ್ಲಾ ಬೀವರಲ್ಲಿ. ಹರಾಜು ಖರ್ಚಿನ ಸ್ಟೈವರ್ ದುಡ್ಡು ಬೇರೆ ಬರೆದಿರ್ತಾರೆ, ಅದು ಮನೆ ಬೆಲೆ ಒಳಗೆ ಸೇರಿಲ್ಲ.

ಹಡಗಿನ ವಾಯಿದೆ ಇನ್ನೊಂದು. ಗಿಲ್ಲಿಸ್ ವೆರ್ಬ್ರುಗ್ಗೆ ಥರದ ಆಮ್‌ಸ್ಟರ್‌ಡ್ಯಾಮ್ ವ್ಯಾಪಾರಿ ಸಾಮಾನು ಕಳಿಸ್ತಾನೆ, ಅವನ ಏಜೆಂಟ್ ಆಗಿದ್ದ ಗೋವರ್ಟ್ ಲೋಕರ್‌ಮನ್ಸ್ ಥರದವನು ನ್ಯೂ ಆಮ್‌ಸ್ಟರ್‌ಡ್ಯಾಮಲ್ಲಿ ಇಳಿಸ್ಕೊಳ್ತಾನೆ, ಅಲ್ಲಿಂದ ನದಿ ಮೇಲಿನ ಚಿಕ್ಕ ವ್ಯಾಪಾರಿಗೆ ಉದ್ರಿ, ಅವನಿಂದ ರೈತನಿಗೆ ಉದ್ರಿ. ತುಪ್ಪಳ ವಾಪಸ್ ಆಮ್‌ಸ್ಟರ್‌ಡ್ಯಾಮ್ ಸೇರಿ ಮಾರಾಟ ಆಗೋವರೆಗೂ ಈ ಸರಪಳಿಯಲ್ಲಿ ಯಾರಿಗೂ ನಿಜವಾಗಿ ದುಡ್ಡು ಬಂದಿಲ್ಲ. ಕೆಳಗಿನವನು ಒಂದು ಸೀಸನ್ ತಪ್ಪಿಸಿದ್ರೆ ಮೇಲಿನವರೆಗೂ ತಪ್ಪತ್ತೆ. ಅಕ್ಟೋಬರಲ್ಲಿ ಒಬ್ಬ ವ್ಯಾಪಾರಿ ಸಾಲು ಸಾಲಾಗಿ ಕೇಸ್ ಹಾಕಿದ್ರೆ ಅವನು ಜಗಳಗಂಟ ಅಂತ ಬರೀಬೇಡಿ, ಅವನ ಮೇಲೆ ಯಾರು ಒತ್ತಡ ಹಾಕ್ತಿದ್ರು ಅಂತ ಹುಡುಕಿ.

ಹಂತ 5: ಸಾಲ ಈಗ ಯಾರ ಕೈಲಿದೆ, ಜಾಮೀನು ಯಾರು

ಸಾಲಪತ್ರ ಕೈಯಿಂದ ಕೈಗೆ ಹೋಗ್ತಿತ್ತು. ನನಗೆ ನೀವು ಕೊಡಬೇಕು, ನಾನು ಇನ್ನೊಬ್ಬರಿಗೆ ಕೊಡಬೇಕು, ನಿಮ್ಮ ಪತ್ರವನ್ನೇ ಅವರಿಗೆ ವರ್ಗ ಮಾಡ್ತೀನಿ, ಅವರು ನಿಮ್ಮ ಹತ್ರ ವಸೂಲಿ ಮಾಡ್ಕೊಳ್ತಾರೆ. ದೂರದ ಊರಲ್ಲಿ ವಸೂಲಿ ಆಗಬೇಕಂದ್ರೆ ನೋಟರಿ ಮುಂದೆ ಮುಖ್ತಿಯಾರ್ ಪತ್ರ. ಕಂಪನಿ ನೌಕರರಿಗೆ ಬರಬೇಕಾದ ಸಂಬಳವೂ ಹೀಗೇ, ಅದು ಆಮ್‌ಸ್ಟರ್‌ಡ್ಯಾಮಲ್ಲಿ ಕಂಪನಿಯ ಪುಸ್ತಕದಲ್ಲಿ ಜಮೆ ಇರೋದು, ಇಲ್ಲಿರೋ ಸಿಪಾಯಿ ಅದನ್ನ ಇಲ್ಲೇ ಯಾರಿಗೋ ಬರೆದುಕೊಟ್ಟು ಸಾಲ ತೀರಿಸ್ಕೊಳ್ಳೋನು. ಆದ್ರಿಂದ ವಾದಿ ಹೆಸರು ಕಂಡ ತಕ್ಷಣ ಇವನೇ ಸಾಲ ಕೊಟ್ಟವನು ಅಂತ ತೀರ್ಮಾನ ಮಾಡ್ಬೇಡಿ, "ಇಂಥವರ ಪರವಾಗಿ", "ಇಂಥವರಿಂದ ವರ್ಗವಾಗಿ ಬಂದ" ಅನ್ನೋ ಮಾತು ಇದೆಯಾ ನೋಡಿ.

ಜಾಮೀನುದಾರರು ಸಾಮಾನ್ಯವಾಗಿ ಇಬ್ಬರು, ಮತ್ತೆ ಅವರು "ಮೂಲ ಸಾಲಗಾರರಂತೆಯೇ" ಹೊಣೆ ಅಂತ ಬರೆಸ್ಕೊಳ್ತಿದ್ರು, ಅಂದ್ರೆ ಸಾಹುಕಾರ ಮೊದಲು ಸಾಲಗಾರನ ಹಿಂದೆ ಓಡಬೇಕಾಗಿಲ್ಲ, ಸೀದಾ ಜಾಮೀನುದಾರನ ಮನೆಗೇ ಹೋಗಬಹುದು. ಹರಾಜಲ್ಲಿ ಮನೆ ಹಿಡಿದವನು ಹೇಳಿದ ಟೈಮಲ್ಲಿ ಜಾಮೀನು ತರದಿದ್ರೆ ಮನೆ ಮತ್ತೆ ಹರಾಜು, ಎರಡನೇ ಸಲ ಕಮ್ಮಿ ಬಂದ್ರೆ ಆ ವ್ಯತ್ಯಾಸ ಮೊದಲನೆಯವನ ತಲೆ ಮೇಲೆ.

ಹಂತ 6: ಕೋರ್ಟಲ್ಲಿ ಏನಾಯ್ತು ಅಂತ ಸಾಲಾಗಿ ಹಿಡೀರಿ

ನ್ಯೂ ಆಮ್‌ಸ್ಟರ್‌ಡ್ಯಾಮ್ ಕೋರ್ಟ್ ಕೂರ್ತಿದ್ದಿದ್ದು ಸ್ಟಾಟ್ ಹೌಸಲ್ಲಿ, ಅದು 1642ರಲ್ಲಿ ಕೀಫ್ಟ್ ಕಾಲದಲ್ಲಿ ಹೋಟೆಲಾಗಿ ಕಟ್ಟಿದ ಮನೆ, 1653ರಲ್ಲಿ ನಗರ ಸಭೆಯಾಯ್ತು. ಶೌಟ್ ಅಂದ್ರೆ ಸರ್ಕಾರದ ಕಡೆಯ ಅಧಿಕಾರಿ, ಬರ್ಗೊಮಾಸ್ಟರ್ ಮತ್ತೆ ಸ್ಕೇಪೆನ್ ಅಂದ್ರೆ ನ್ಯಾಯ ಹೇಳೋ ಊರ ಹಿರಿಯರು, ಅವರೂ ವ್ಯಾಪಾರಿಗಳೇ.

ಕೇಸ್ ನಡೆಯೋ ದಾರಿ ಹೀಗೆ: ಕೋರ್ಟ್ ಜವಾನ ಕರೆ ಕೊಡ್ತಾನೆ, ಬರದಿದ್ರೆ ಡಿಫಾಲ್ಟ್ ಅಂತ ಬರೀತಾರೆ, ಮತ್ತೆ ಮತ್ತೆ ತಪ್ಪಿಸಿಕೊಂಡ್ರೆ ವಾದಿ ಪರ ಆಗತ್ತೆ. ಬಂದು ಲೆಕ್ಕ ಸರಿ ಇಲ್ಲ ಅಂದ್ರೆ ಇಬ್ಬರೂ ಪುಸ್ತಕ ತಗೊಂಡು "ಒಳ್ಳೆ ಮನುಷ್ಯರು" ಅಂತ ನೇಮಿಸಿದ ಪಂಚರ ಮುಂದೆ ಕೂತು ಲೆಕ್ಕ ಮಾಡ್ಕೊಂಡು ಬನ್ನಿ ಅಂತ ಕಳಿಸ್ತಾರೆ. ಈ ಪಂಚಾಯ್ತಿ ಹಂತವನ್ನ ಹಗುರವಾಗಿ ತಗೋಬೇಡಿ, ಕೇಸ್ ಇಲ್ಲಿಗೆ ನಿಂತು ಮುಂದೆ ನಡಾವಳಿಯಲ್ಲಿ ಕಾಣೋದೇ ಇಲ್ಲ ಅಂದ್ರೆ ಇಬ್ಬರೂ ಕೂತು ಮುಗಿಸ್ಕೊಂಡಿರೋ ಸಾಧ್ಯತೆ ಇದೆ. ಇನ್ನು ಕೆಲವು ಸಲ ತಕರಾರಿನ ದುಡ್ಡನ್ನ ಕಾರ್ಯದರ್ಶಿ ಕೈಲಿ ಠೇವಣಿ ಇಡಿ ಅಂತಾರೆ, ಅಥವಾ ಸಾಲಗಾರನಿಗೆ ಬೇರೆಯವರಿಂದ ಬರಬೇಕಾದ ಸಾಮಾನು, ದುಡ್ಡಿನ ಮೇಲೆ ತಡೆ ಹಾಕ್ತಾರೆ.

ಒಂದು ನಿಜವಾದ ಕೇಸ್ ಹತ್ತಿರದಿಂದ ನೋಡಿ. 1654ರ ಸೆಪ್ಟೆಂಬರ್. ಅದೇ ವರ್ಷ ಜನವರಿಯಲ್ಲಿ ಬ್ರೆಜಿಲಿನ ರೆಸೀಫೆ ಪೋರ್ಚುಗೀಸರ ಕೈಗೆ ಹೋಗಿತ್ತು, ಅಲ್ಲಿಂದ ತಪ್ಪಿಸ್ಕೊಂಡು ಬಂದ ಯಹೂದಿಗಳು ಸಾಂಟಾ ಕ್ಯಾಟರೀನಾ ಅನ್ನೋ ಹಡಗಲ್ಲಿ ನ್ಯೂ ಆಮ್‌ಸ್ಟರ್‌ಡ್ಯಾಮಿಗೆ ಬಂದಿಳಿದ್ರು, ದೊಡ್ಡವರು ಚಿಕ್ಕವರು ಸೇರಿ 23 ಜೀವ. ಹಡಗಿನ ಕಪ್ತಾನ ಜಾಕ್ ದ ಲಾ ಮೋಟ್ ಪ್ರಯಾಣದ ದುಡ್ಡು ಬಾಕಿ ಅಂತ ಕೋರ್ಟಿಗೆ ಹೋದ, ಬೇಡಿಕೆ 1,567 ಗಿಲ್ಡರ್. ಯಹೂದಿಗಳ ಪರವಾಗಿ ಸಾಲೊಮನ್ ಪೀಟರ್ಸನ್ ಬಂದು ಒಟ್ಟು ಒಪ್ಪಂದ 2,500, ಅದರಲ್ಲಿ 900 ಚಿಲ್ಲರೆ ಈಗಾಗಲೇ ಕೊಟ್ಟಾಗಿದೆ, ಉಳಿದಿದ್ದನ್ನ 23 ಜನ ಸಮನಾಗಿ ಕೊಡಬೇಕು ಅಂದ. ಇಲ್ಲಿ ನಿಲ್ಲಿ, ಕಳೆದು ನೋಡಿ: 2,500ರಲ್ಲಿ 1,567 ಹೋದ್ರೆ 933. ಅಂದ್ರೆ ಮೊತ್ತದ ಬಗ್ಗೆ ಎರಡೂ ಕಡೆಯವರಿಗೆ ತಕರಾರೇ ಇಲ್ಲ. ಜಗಳ ಇರೋದು ಯಾರು ಎಷ್ಟಕ್ಕೆ ಹೊಣೆ ಅನ್ನೋದ್ರಲ್ಲಿ.

ಸಮನಾಗಿ ಹಂಚಿದ್ರೆ ತಲೆಗೆ 68 ಗಿಲ್ಡರ್ ಮೇಲೆ ಎರಡೂವರೆ ಸ್ಟೈವರ್ ಚಿಲ್ಲರೆ. ಆದ್ರೆ ಒಪ್ಪಂದ ಬರೆದಿದ್ದು ಎಲ್ಲರೂ ಸೇರಿ ಮತ್ತೆ ಒಬ್ಬೊಬ್ಬರೂ ಪೂರ್ತಿಗೆ ಹೊಣೆ ಅನ್ನೋ ಹಾಗೆ. ಕೋರ್ಟ್ ಸಾಮಾನು ಹರಾಜು ಹಾಕೋಕೆ ಒಪ್ತು, ಮೊದಲು ಹೆಚ್ಚು ಬಾಕಿ ಇರೋ ಅಬ್ರಾಮ್ ಇಸ್ರೇಲ್ ಮತ್ತೆ ಜೂಡಿಕ್ ದ ಮೆರೆಡಾ ಇಬ್ಬರದ್ದು, ಸಾಲದಿದ್ರೆ ಉಳಿದವರದ್ದು. ಅದೂ ಸಾಲ್ಲಿಲ್ಲ. ಆಗ ಡೇವಿಡ್ ಇಸ್ರೇಲ್ ಮತ್ತೆ ಮೋಸೆಸ್ ಆಂಬ್ರೋಸಿಯಸ್ ಇಬ್ಬರನ್ನ ಸಾಲ ತೀರೋವರೆಗೂ ಬಂಧನದಲ್ಲಿಡಿ ಅಂತ ಆಜ್ಞೆ, ಅವರ ಊಟದ ಖರ್ಚು ತಲೆಗೆ ದಿನಕ್ಕೆ 16 ಸ್ಟೈವರ್ ವಾದಿಯೇ ಕೊಡಬೇಕು, ಅದಕ್ಕೆ ಹರಾಜಿನ ದುಡ್ಡಲ್ಲಿ 40–50 ಗಿಲ್ಡರ್ ಕಾರ್ಯದರ್ಶಿ ಕೈಲಿ ಇಡಬೇಕು. ಲೆಕ್ಕ ಹಾಕಿ: ಇಬ್ಬರಿಗೆ ದಿನಕ್ಕೆ 32 ಸ್ಟೈವರ್, 40 ಗಿಲ್ಡರ್ ಅಂದ್ರೆ 800 ಸ್ಟೈವರ್, 25 ದಿನ, 50 ಆದ್ರೆ 31 ದಿನ. ಜನರನ್ನ ಜೈಲಲ್ಲಿ ಇಡೋದು ಸಾಹುಕಾರನಿಗೂ ದುಬಾರಿ, ತಿಂಗಳ ಮೇಲೆ ಎಳೆಯೋಕೆ ಯಾರಿಗೂ ಲಾಭ ಇಲ್ಲ. ಅಕ್ಟೋಬರ್ ಕೊನೆ ಹೊತ್ತಿಗೆ ಆ ಹಡಗಿನ ನಾವಿಕರು ಹಾಲೆಂಡಿಂದ ದುಡ್ಡು ಬರೋವರೆಗೂ ಕಾಯ್ತೀವಿ ಅಂತ ಒಪ್ಕೊಂಡ್ರು.

ಅಷ್ಟಕ್ಕೇ ಮುಗೀಲಿಲ್ಲ. ರಿಕ್ಕೆ ನುನೆಸ್ ಅನ್ನೋ ಹೆಂಗಸು, ತನ್ನ ಪಾಲಿಗಿಂತ ಜಾಸ್ತಿ ಸಾಮಾನು ಬೇರೆಯವರ ಬಾಕಿಗೆ ಹರಾಜಾಯ್ತು ಅಂತ ಆಸರ್ ಲೇವಿ ಅನ್ನೋ ಯಹೂದಿ ಮೇಲೆ ಕೇಸ್ ಹಾಕಿದಳು. ಒಬ್ಬರೇ ಪೂರ್ತಿ ಹೊಣೆ ಹೊತ್ತಾಗ ಒಳಗಿನವರ ನಡುವೆ ಹೊಸ ಸಾಲ ಹುಟ್ಟತ್ತೆ, ಆ ಎಳೆಯನ್ನೂ ಹಿಡೀರಿ. ಆಸರ್ ಲೇವಿ ಮುಂದೆ ಊರಿನ ಮಾಂಸದ ವ್ಯಾಪಾರಿಯಾಗಿ ನೆಲೆ ನಿಂತ, ಕೋರ್ಟಿಗೆ ಮತ್ತೆ ಮತ್ತೆ ವಾದಿಯಾಗಿ ಬಂದ.

ಹಂತ 7: ಸಾಲಗಾರ ಸತ್ತಾಗ

ಡಚ್ ಪದ್ಧತಿಯಲ್ಲಿ ಗಂಡ ಹೆಂಡತಿ ಆಸ್ತಿ, ಸಾಲ ಎರಡೂ ಸಾಮಾನ್ಯವಾಗಿ ಜಂಟಿ. ಹೆಂಗಸರು ಸ್ವಂತವಾಗಿ ವ್ಯಾಪಾರ ಮಾಡ್ತಿದ್ರು, ಕೇಸ್ ಹಾಕ್ತಿದ್ರು. ಮಾರ್ಗ್ರಿಯೆಟಾ ಹಾರ್ಡೆನ್‌ಬ್ರೂಕ್ ಹಡಗಿನ ಒಡತಿಯೇ ಆಗಿದ್ಲು. ಗಂಡನ ಸಾಲ ಆಸ್ತಿಗಿಂತ ಜಾಸ್ತಿ ಇದ್ದು, ವಿಧವೆಗೆ ಆ ಹೊರೆ ಬೇಡ ಅಂದ್ರೆ ಶವಪೆಟ್ಟಿಗೆ ಮೇಲೆ ಮನೆ ಬೀಗದ ಕೈ ಇಟ್ಟು ಮನೆಯಿಂದ ಆಚೆ ನಡೀಬೇಕಿತ್ತು. ಊರವರ ಕಣ್ಣೆದುರಿಗೆ ಮಾಡೋದು. ಅಲ್ಲಿಗೆ ಆಸ್ತಿಯೂ ಬೇಡ, ಸಾಲವೂ ಬೇಡ. ದಾಖಲೆಯಲ್ಲಿ ಈ ಬೀಗದ ಕೈ ಮಾತು ಬಂದ್ರೆ ಅದು ಕಾನೂನು ಕ್ರಿಯೆ, ಆಮೇಲೆ ಆಸ್ತಿ ನೋಡ್ಕೊಳ್ಳೋಕೆ ಕೋರ್ಟ್ ಯಾರನ್ನ ನೇಮಿಸ್ತು ಅಂತ ಹುಡುಕಿ. ಮಕ್ಕಳಿದ್ರೆ 1650ರ ದಶಕದ ಮಧ್ಯದಿಂದ ಅನಾಥ ಮಕ್ಕಳ ಆಸ್ತಿ ನೋಡೋ ಪ್ರತ್ಯೇಕ ಮಂಡಳಿ ಇತ್ತು, ಅದರ ಪುಸ್ತಕ ಬೇರೆ.

ಆಸ್ತಿ ಪಟ್ಟಿಗಳನ್ನ ಓದುವಾಗ ಒಂದು ವಿಷಯಕ್ಕೆ ತಯಾರಾಗಿರಿ. ಪಾತ್ರೆ, ಹಸು, ಹಾಸಿಗೆ ಮಧ್ಯೆ ಆಫ್ರಿಕಾದಿಂದ ಗುಲಾಮರಾಗಿ ತಂದ ಮನುಷ್ಯರನ್ನ ಬೆಲೆ ಹಾಕಿ ಬರೆದಿರ್ತಾರೆ. ಯಾರದೋ ಸಾಲ ತೀರಿಸೋಕೆ ಇನ್ಯಾರದೋ ಜೀವ ಮಾರಾಟ. ಆ ಸಾಲನ್ನ ಬರೀ ಮೊತ್ತಕ್ಕೆ ಸೇರಿಸಿ ಮುಂದೆ ಹೋಗಬೇಡಿ, ಹೆಸರಿದ್ರೆ ಹೆಸರು ಬರ್ಕೊಳ್ಳಿ, ಬೇರೆ ದಾಖಲೆಗಳಲ್ಲಿ ಅವರನ್ನ ಹುಡುಕೋಕೆ ಅದೊಂದೇ ದಾರಿ ಇರಬಹುದು.

ಹಂತ 8: ಮೂಲನಿವಾಸಿಗಳ ಖಾತೆ ಸಿಕ್ಕಿದ್ರೆ

ಆಲ್ಬನಿಯ ಎವರ್ಟ್ ವೆಂಡಲ್ ಅನ್ನೋ ವ್ಯಾಪಾರಿಯ 1695ರಿಂದ 1726ರ ಖಾತೆ ಪುಸ್ತಕ ಉಳ್ಕೊಂಡಿದೆ. ಇಂಗ್ಲಿಷ್ ಆಡಳಿತ ಬಂದು ಮೂವತ್ತು ವರ್ಷ ಆದ್ಮೇಲೂ ಲೆಕ್ಕ ಡಚ್ಚಲ್ಲೇ. ಗಿರಾಕಿಗಳು ಮೊಹಾಕ್ ಮತ್ತೆ ಸುತ್ತಮುತ್ತಲ ಜನಾಂಗದವರು, ಅವರಲ್ಲಿ ಹೆಂಗಸರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಇಲ್ಲಿ ಬಾಕಿ ಬರೆದಿರೋದು ಗಿಲ್ಡರಲ್ಲಿ ಕಮ್ಮಿ, ಬೀವರ್, ಮಾರ್ಟನ್ (ಒಂದು ಸಣ್ಣ ಕಾಡುಪ್ರಾಣಿ) ತುಪ್ಪಳಗಳಲ್ಲೇ ಜಾಸ್ತಿ. ಕೆಲವು ಕಡೆ ಸಾಲಗಾರರ ಗುರುತಿನ ಚಿತ್ರ ಇದೆ, ಹೆಸರಿನ ಜೊತೆ ಇಂಥವರ ಅಣ್ಣ, ಇಂಥವರ ಹೆಂಡತಿ ಅಂತ ಸಂಬಂಧ ಬರೆದಿದ್ದಾನೆ. ಗಿಲ್ಡರಿಗೆ ಬದಲಾಯಿಸೋಕೆ ಹೋಗಬೇಡಿ, ತುಪ್ಪಳದ ಲೆಕ್ಕದಲ್ಲೇ ಬಾಕಿ ಬಿಡಿ, ಸಂಬಂಧಗಳನ್ನ ವಂಶವೃಕ್ಷದ ಥರ ಬರ್ಕೊಳ್ಳಿ.

ಹಂತ 9: 1664 ದಾಟುವಾಗ

ಶರಣಾಗತಿ ಷರತ್ತುಗಳಲ್ಲೇ ಈ ವಿಷಯ ಇದೆ: ಅವತ್ತಿಗೆ ಮುಂಚೆ ಆದ ಎಲ್ಲಾ ಒಪ್ಪಂದ, ವ್ಯವಹಾರದ ತಕರಾರುಗಳನ್ನ ಡಚ್ ಪದ್ಧತಿಯಂತೆಯೇ ತೀರ್ಮಾನ ಮಾಡಬೇಕು, ಉತ್ತರಾಧಿಕಾರಕ್ಕೂ ಡಚ್ ಸಂಪ್ರದಾಯವೇ. ಕಂಪನಿಯೇ ಊರವರಿಗೆ ಬಾಕಿ ಇದ್ದಿದ್ದು ನಿಜ ಅಂತ ಕಂಡ್ರೆ ಹಾಲೆಂಡಿಗೆ ಹೋಗೋ ಹಡಗುಗಳ ಸುಂಕ ಇನ್ನೂ ಆರು ತಿಂಗಳು ಮುಂದುವರೀಲಿ ಅಂತಾನೂ ಇದೆ. ಅಂದ್ರೆ ಬಾವುಟ ಬದಲಾದ ತಕ್ಷಣ ಖಾತೆ ಮುಚ್ಚಲ್ಲ, ಆ ಖಾತೆಯ ಮುಂದಿನ ಪುಟಗಳನ್ನ ಇಂಗ್ಲಿಷ್ ಕಾಲದ ದಾಖಲೆಯಲ್ಲೂ ಹುಡುಕಿ. ರೆನ್ಸೆಲಾರ್‌ವೈಕ್ ಜಹಗೀರಿನ ಮರಿಯಾ ವಾನ್ ರೆನ್ಸೆಲಾರ್, ಗಂಡ ಜೆರೆಮಿಯಾಸ್ 1674ರಲ್ಲಿ ತೀರಿಕೊಂಡ ಮೇಲೆ ವರ್ಷಗಟ್ಟಲೆ ಹಾಲೆಂಡಿನ ಸಂಬಂಧಿಕರ ಜೊತೆ ಲೆಕ್ಕದ ಪತ್ರ ಬರೀತಾನೇ ಇದ್ಲು, ಅದನ್ನ ಓದಿದ್ರೆ ಇದು ಸ್ಪಷ್ಟವಾಗತ್ತೆ.

ಇನ್ನೊಂದು ಎಚ್ಚರ, ತಾರೀಖು. ಹಾಲೆಂಡ್ ಹೊಸ ಕ್ಯಾಲೆಂಡರ್, ಇಂಗ್ಲೆಂಡ್ 1752ರವರೆಗೂ ಹಳೇ ಕ್ಯಾಲೆಂಡರ್, 17ನೇ ಶತಮಾನದಲ್ಲಿ ಹತ್ತು ದಿನದ ಅಂತರ. ಅದೇ ಶರಣಾಗತಿ ಡಚ್ ಲೆಕ್ಕದಲ್ಲಿ 8 ಸೆಪ್ಟೆಂಬರ್ 1664, ಇಂಗ್ಲಿಷ್ ಲೆಕ್ಕದಲ್ಲಿ 29 ಆಗಸ್ಟ್. 1673ರ ಆಗಸ್ಟಲ್ಲಿ ಡಚ್ಚರು ಊರು ಮತ್ತೆ ಹಿಡಿದ್ರು, 1674ರಲ್ಲಿ ವಾಪಸ್ ಕೊಟ್ರು, ಆ ಅವಧಿಯ ಕಾಗದದಲ್ಲಿ ಎರಡೂ ಥರದ ತಾರೀಖು ಎದುರಾಗಬಹುದು. ವಾಯಿದೆ ಮೀರಿದೆಯಾ ಇಲ್ವಾ ಅಂತ ಹೇಳೋ ಮುಂಚೆ ಸಾಲಪತ್ರ ಮತ್ತೆ ಕೋರ್ಟ್ ನಡಾವಳಿ ಎರಡನ್ನೂ ಒಂದೇ ಕ್ಯಾಲೆಂಡರಿಗೆ ತನ್ನಿ, ಯಾವುದನ್ನ ಬದಲಾಯಿಸಿದ್ದೀರಿ ಅಂತ ಪಕ್ಕದಲ್ಲಿ ಬರೆದಿಡಿ.